ಮಂದ್ರದ ಸಾಲಿನಲ್ಲಿ ಒಂದು ಜಾಗ

ಜನವರಿ ೧೪, ಮಂಗಳವಾರ

ಅಥವಾ ಅವಳು ಹೇಳಿದ್ದು ನನಗೆ ಜನರ ಜೊತೆ ಸೇರಲು ಬರುವುದಿಲ್ಲ ಎಂದಲ್ಲ, ಸೇರಲು ಮನಸ್ಸಿಲ್ಲ ಎಂದೋ ಏನೋ. ಎರಡರಲ್ಲಿ ಒಂದು. ಅಕ್ಟೋಬರಿನಲ್ಲಿ ಹೆಂಡತಿ ಮೆನ್ನಾ ಮನೆ ಬಿಟ್ಟು ಹೊರಡುತ್ತಾ ಪೆಟ್ಟಿಗೆ ಹಿಡಿದು ಬಾಗಿಲಲ್ಲಿ ನಿಂತು ಆಡಿದ ಮಾತು. ಆ ಹೊತ್ತಿನಲ್ಲಿ ನಾನು ಪೆಟ್ಟಿಗೆಯ ಹಿಡಿ ಸಡಿಲವಾಗಿರುವುದನ್ನು ನೋಡುತ್ತಿದ್ದೆ. ಹಾಗಾಗಿ ಮಾತು ಪೂರ್ತಿಯಾಗಿ ಕಿವಿಗೆ ಬೀಳಲಿಲ್ಲ. ಇನ್ನೊಂದು ಮಾತು ಮಾತ್ರ ಸರಿಯಾಗಿ ನೆನಪಿದೆ: "ನಿನ್ನ ಜೊತೆ ಇರೋದು ಅಂದ್ರೆ ತಪಾಸಣೆಗೆ ನಿಂತ ಮನೆಯಾಗಿ ಇರೋದು, ಇಥೆಲ್."

ಮೂವತ್ತು ವರ್ಷ ಕೌನ್ಸಿಲ್ಲಿನ ಕಟ್ಟಡ ತಪಾಸಣೆ ವಿಭಾಗದಲ್ಲಿ ದುಡಿದವನಿಗೆ ಇದು ಬೈಗುಳವೇ ಅಲ್ಲ. ಆದರೂ ಅದು ಹೋಗದೆ ಉಳಿದುಕೊಂಡಿದೆ.

ಈ ಸಂಜೆ ಸೇರಿದೆ. ಊರಿನ ಗಂಡಸರ ಗಾಯನ ಮಂಡಳಿಗೆ. ವಾದದಲ್ಲಿ ಗೆಲ್ಲುವುದಕ್ಕೆ ಮನುಷ್ಯ ಎಷ್ಟು ಕೆಳಗಿಳಿಯಬಲ್ಲ ಎನ್ನುವುದಕ್ಕೆ ಇದು ಪುರಾವೆ. ಮಂಡಳಿಯ ಕಾರ್ಯದರ್ಶಿ ಎಲ್ವೆಡ್ ಪಕ್ಕದ ಮನೆಯವನು. ಮೆನ್ನಾ ಹೋದಂದಿನಿಂದ ಗೇಟಿನ ಮೇಲೆ ಮೊಣಕೈಯೂರಿ ಒಂದೇ ಮಾತು: "ಒಬ್ನೇ ಕೂತು ಏನ್ಮಾಡ್ತೀಯ? ಮಂಗಳವಾರ ಬಾ. ದನಿ ಇಲ್ದಿದ್ರೂ ಪರವಾಗಿಲ್ಲ, ಎತ್ತರ ಇದೀಯ, ಹಿಂದಿನ ಸಾಲಿಗೆ ಬೇಕು."

ಊರಿನ ಪ್ರಾರ್ಥನಾಮಂದಿರ ಚಾಪೆಲ್‌ನ ಹಿಂಬದಿಯ ಕೋಣೆ. ಒದ್ದೆ ಕೋಟುಗಳ ವಾಸನೆ, ಅರವತ್ತು ಮಡಿಸುವ ಕುರ್ಚಿ, ನಲವತ್ತು ಗಂಡಸರು. ಎಪ್ಪತ್ತರ ಕೆಳಗಿನವರನ್ನೆಲ್ಲ ಇಲ್ಲಿ ಹುಡುಗ ಎಂದು ಕರೆಯುತ್ತಾರೆ. ಐವತ್ತೇಳರ ನಾನು ಹುಡುಗ. ಇವರು ಹಾಡುವುದು ಹೆಚ್ಚಾಗಿ ವೆಲ್ಷ್ ಭಾಷೆಯ ಸ್ತೋತ್ರಗೀತೆಗಳನ್ನು. ಅರ್ಧಕ್ಕರ್ಧ ಜನರಿಗೆ ತಾವು ಹಾಡುವುದರ ಅರ್ಥ ಗೊತ್ತಿಲ್ಲ. ಗೊತ್ತಿಲ್ಲದವರ ಕಣ್ಣಿನಲ್ಲೇ ನೀರು ಹೆಚ್ಚು.

ಹಾಡಿಸುವವಳು ಮೆಲೆರಿ, ಶಾಲೆಯಲ್ಲಿ ಸಂಗೀತ ಕಲಿಸುವ ಮೂವತ್ತರ ಆಸುಪಾಸಿನ ಹೆಂಗಸು. ಇಡೀ ಕೋಣೆಯಲ್ಲಿ ಸ್ವರ ಬರೆದ ಹಾಳೆಯನ್ನು ನೋಡುವವಳು ಅವಳೊಬ್ಬಳೇ. ಪಿಯಾನೋದಲ್ಲಿ ಒಂದೊಂದಾಗಿ ಸ್ವರ ಒತ್ತಿ ನನ್ನಿಂದ ಹೇಳಿಸಿದಳು. ನಾನು ಕೆಳಗೆ, ಇನ್ನೂ ಕೆಳಗೆ ಹೋದೆ. "ಮಂದ್ರದ ಸಾಲು. ಇಡ್ವಾಲ್ ಪಕ್ಕ," ಅಂದಳು.

ಇಡ್ವಾಲ್ ಅಂಗಡಿ ಮುಚ್ಚಿದ ಕಟುಕ. ಎಂಬತ್ತಕ್ಕೆ ಹತ್ತಿರ. ಕುತ್ತಿಗೆಯೇ ಇಲ್ಲ. ನನ್ನನ್ನು ಮೇಲಿಂದ ಕೆಳಗೆ ನೋಡಿ, "ಎಲುಬು ಜಾಸ್ತಿ," ಅಂದ.

ಇವರದೊಂದು ಪದ್ಧತಿ ಇದೆ. ಹೊಸಬ ಸುಮಾರು ಮೂರು ತಿಂಗಳು ಒಬ್ಬ ಹಳಬನ ಹೆಗಲಿಗೆ ಹೆಗಲು ತಾಗಿಸಿ ನಿಲ್ಲಬೇಕು. ಕೊನೆಗೆ ಎಲ್ಲರ ಮುಂದೆ ಆ ಹಳಬನನ್ನು ಒಂದೇ ಪ್ರಶ್ನೆ ಕೇಳುತ್ತಾರೆ: ಇವನು ಕೇಳಿಸ್ತಾನಾ? ಕೇಳಿಸುತ್ತಾನೆ ಅಂದರೆ ಹೊಸಬ ಹೊರಗೆ, ಮತ್ತೆ ಮೂರು ತಿಂಗಳು ಕಾಯಬೇಕು. ಕೇಳಿಸುವುದಿಲ್ಲ ಅಂದರೆ ಮಂಡಳಿಯ ಬ್ಲೇಜರ್ ಕೋಟು ಸಿಗುತ್ತದೆ, ಸಂಗೀತ ಕಛೇರಿಯಲ್ಲಿ ನಿಲ್ಲಬಹುದು.

ತನ್ನ ದನಿ ಯಾರಿಗೂ ಕೇಳಿಸದಿರಲಿ ಎಂದು ವರ್ಷಗಟ್ಟಲೆ ಅಭ್ಯಾಸ ಮಾಡುವ ಜನ. ಈ ಕಣಿವೆಯ ಚರಿತ್ರೆಯನ್ನು ಇದಕ್ಕಿಂತ ಚಿಕ್ಕದಾಗಿ ಯಾರೂ ಬರೆಯಲಾರರು.

ಜನವರಿ ೧೯, ಭಾನುವಾರ

ಮೆನ್ನಾಗೆ ಫೋನ್ ಮಾಡಿದೆ. ಅವಳಿರುವುದು ಸಮುದ್ರದ ದಂಡೆಯ ಊರಿನಲ್ಲಿ, ಅಕ್ಕನ ಮನೆಯಲ್ಲಿ. ಬಾಯ್ಲರಿನ ಗ್ಯಾರಂಟಿ ಕಾಗದ ಎಲ್ಲಿದೆ ಎಂದು ಕೇಳುವ ನೆಪ. ಕಾಗದ ನನ್ನ ಎದುರಿಗೇ ಇತ್ತು.

"ಮಂಡಳಿ ಸೇರಿದೆ," ಅಂದೆ.

"ಯಾವ ಮಂಡಳಿ?"

"ಹಾಡೋದು."

ಆ ಕಡೆ ನಗು. ಕೆಟ್ಟ ನಗುವಲ್ಲ, ಆದರೆ ಅಕ್ಕನನ್ನೂ ಕರೆದು ಹೇಳಿದಳು, ಅವಳೂ ನಕ್ಕಳು. "ಎಷ್ಟು ದಿನಕ್ಕೆ?"

"ಏಪ್ರಿಲ್‌ನಲ್ಲಿ ಕಛೇರಿ ಇದೆ."

"ನಿನ್ನನ್ನ ನಿಲ್ಲಿಸ್ತಾರಾ?"

"ನಿಲ್ಲಿಸ್ದೆ ಏನು?"

"ನೋಡು, ನೀನು ನಿಜವಾಗ್ಲೂ ಆ ಸಾಲಲ್ಲಿ ನಿಂತ್ರೆ ನಾನು ಬರ್ತೀನಿ. ಹಿಂದೆಲ್ಲೋ ಕೂತು ಕೇಳಿ ಹೋಗ್ತೀನಿ. ಹುಡುಕಬೇಡ. ಬಂದಿದೀನಾ ಇಲ್ವಾ ಅಂತ ತಲೆ ಎಣಿಸ್ತಾ ನಿಂತ್ಕೋಬೇಡ. ಬರೀ ಹಾಡು."

"ಬಂದ್ರೆ ಮನೆಗೂ ಬರಬಹುದು. ಗ್ಯಾರಂಟಿ ಕಾಗದ ಹುಡುಕಿಕೊಡೋಕೆ."

"ಮೊದ್ಲು ನಿಂತ್ಕೋ," ಅಂದಳು.

ಹಾಗಾದರೆ ನಿಲ್ಲಬೇಕು. ಏಪ್ರಿಲ್ ಹನ್ನೆರಡರವರೆಗೆ ಈ ಮುದುಕರನ್ನು ಸಹಿಸಿಕೊಳ್ಳಬೇಕು, ಒಬ್ಬ ಕಟುಕನ ಕಿವಿಗೆ ಬೀಳದಂತೆ ಹಾಡಬೇಕು. ಆಮೇಲೆ ಬ್ಲೇಜರ್ ಹಿಂದಿರುಗಿಸಿದರಾಯಿತು.

ಜನವರಿ ೨೮, ಮಂಗಳವಾರ

ತಾಲೀಮಿನ ಅರ್ಧ ಹೊತ್ತು ರಗ್ಬಿ ತಂಡದ ಆಯ್ಕೆಯ ಬಗ್ಗೆ ಜಗಳ. ಮೇಲುದನಿಯವರು ಎಡಗಡೆ ನಿಲ್ಲುತ್ತಾರೆ. ತಾವು ಮದುವೆಗೆ ಬಂದ ಗಂಡಿನ ಕಡೆಯವರು ಎನ್ನುವಂತೆ ನಮ್ಮ ಕಡೆ, ಅಲ್ಲ, ಮಂದ್ರದವರ ಕಡೆ ನೋಡುತ್ತಾರೆ.

ಇಡ್ವಾಲ್ ಪೆಪ್ಪರ್‌ಮಿಂಟ್ ಡಬ್ಬಿಯನ್ನು ಕುರ್ಚಿಯ ಕೆಳಗೆ ಇಡುತ್ತಾನೆ. ಪ್ರತಿ ಹಾಡಿಗೂ ಒಂದು. ಯಾರಿಗೂ ಕೊಡುವುದಿಲ್ಲ. ಹಾಡುವಾಗ ಪಕ್ಕೆಯಿಂದ ಪಕ್ಕೆಗೆ ಅವನ ದನಿ ದಾಟುತ್ತದೆ. ಕೇಳಿಸಿಕೊಂಡದ್ದು ಅನ್ನುವುದಕ್ಕಿಂತ ಒರಗಿಕೊಂಡದ್ದು ಅನ್ನಬೇಕು. ಹಳೆಯ ಕಟ್ಟಡಗಳಲ್ಲಿ ರೈಲು ಹೋದಾಗ ಗೋಡೆಗೆ ಬೆನ್ನು ಕೊಟ್ಟು ನಿಂತರೆ ಹೀಗಾಗುತ್ತದೆ. ಅಂಥ ಗೋಡೆಗಳ ಬಗ್ಗೆ ನಾನು ಒಳ್ಳೆಯ ವರದಿ ಬರೆದದ್ದಿಲ್ಲ.

"ಜೋರಾಯ್ತು," ಅಂತ ಮೊಣಕೈಯಿಂದ ತಿವಿದ.

"ನೀವು ನನಗಿಂತ ಜೋರು."

"ನಾನು ಹಾಡ್ತಿದೀನಿ. ನೀನು ಹೇಳ್ತಿದೀಯ."

ಫೆಬ್ರವರಿ ೪, ಮಂಗಳವಾರ

ಸಿಕ್ಕಿತು.

ಕಛೇರಿಯ ಕೊನೆಯ ಹಾಡು 'ಪಾಂತ್-ಅ-ಗೋವ್'. ಈ ಕಣಿವೆಯ ಒಬ್ಬ ಕಮ್ಮಾರ ನೂರು ವರ್ಷದ ಹಿಂದೆ ಕಟ್ಟಿದ ಸ್ತೋತ್ರದ ಧಾಟಿ. ಊರಿನವರಿಗೆ ಅದು ಹೆಚ್ಚುಕಡಿಮೆ ರಾಷ್ಟ್ರಗೀತೆ. ಮೂರನೆಯ ಸಾಲಿನ ಕೊನೆಯಲ್ಲಿ ಉಳಿದ ದನಿಗಳೆಲ್ಲ ಮೇಲಕ್ಕೆ ಹೋಗುತ್ತವೆ, ಮಂದ್ರ ಒಂದೇ ಸ್ವರದ ಮೇಲೆ ಅಲುಗದೆ ನಿಲ್ಲಬೇಕು. ಹಾಳೆಯಲ್ಲಿ ಹಾಗೇ ಇದೆ. ಚಿಕ್ಕಂದಿನಲ್ಲಿ ಅಮ್ಮ ಬಲವಂತವಾಗಿ ಪಿಯಾನೋ ಕಲಿಸಿದ್ದರಿಂದ ನನಗೆ ಓದಲು ಬರುತ್ತದೆ.

ಇಡ್ವಾಲ್ ಅಲ್ಲಿ ನಿಲ್ಲುವುದಿಲ್ಲ. ಒಂದು ಮೆಟ್ಟಿಲು ಕೆಳಗೆ ಜಾರುತ್ತಾನೆ. ಮೊದಲ ಸಲ ಆಕಸ್ಮಿಕ ಅಂದುಕೊಂಡೆ. ಮೂರು ಸಲ ಹಾಡಿದರು, ಮೂರು ಸಲವೂ ಜಾರಿದ. ಬೇರೆ ಯಾರಿಗೂ ಕೇಳಿಸಿದಂತಿಲ್ಲ. ಅವನ ಬಲಕ್ಕೆ ನಿಂತವನೂ ಅವನ ಜೊತೆಗೇ ಅರ್ಧ ಇಳಿದು ಅರ್ಧ ನಿಲ್ಲುತ್ತಾನೆ.

ತೊಲೆಯೊಂದು ಒಳಗಿಂದ ಬಿರುಕು ಬಿಟ್ಟಿರುವುದನ್ನು ಬಣ್ಣದ ಮೇಲಿಂದಲೇ ಕಂಡುಹಿಡಿದಾಗ ಆಗುವ ಸುಖ ಒಂದಿದೆ. ಬಹಳ ದಿನವಾಗಿತ್ತು.

ಫೆಬ್ರವರಿ ೧೧, ಮಂಗಳವಾರ

ತಾಲೀಮು ಮುಗಿದ ಮೇಲೆ ಮೆಲೆರಿಗೆ ಹೇಳಿದೆ. ಹಾಳೆಯ ಮೇಲೆ ಬೆರಳಿಟ್ಟು ತೋರಿಸಿದೆ. ಅವಳು ಪಿಯಾನೋದ ಮುಚ್ಚಳ ಹಾಕುತ್ತಿದ್ದವಳು ಮತ್ತೆ ತೆರೆದು ಆ ಎರಡು ಸ್ವರಗಳನ್ನು ಒಟ್ಟಿಗೆ ಒತ್ತಿದಳು.

"ಏನೋ ಮಸುಕಾಗಿದೆ ಅಂತ ನಂಗೂ ಅನ್ಸ್ತಿತ್ತು. ಹಿಂದಿನ ಸಾಲು ನನಗೆ ಸರಿಯಾಗಿ ಕೇಳಿಸಲ್ಲ. ಖಚಿತಾನಾ?"

"ಖಚಿತ."

"ಸರಿ, ನೋಡ್ಕೋತೀನಿ. ಥ್ಯಾಂಕ್ಸ್, ಇಥೆಲ್." ಅವಳು ಸಂತೋಷಪಟ್ಟಂತೆ ಕಾಣಲಿಲ್ಲ. ತಪಾಸಣೆಯ ಫಲಿತಾಂಶ ತಿಳಿದು ಸಂತೋಷಪಟ್ಟ ಮನೆಯವರನ್ನು ನಾನು ಯಾವತ್ತೂ ಕಂಡಿಲ್ಲ.

ಫೆಬ್ರವರಿ ೧೮, ಮಂಗಳವಾರ

ಎಲ್ಲರ ಮುಂದೆ ಹೇಳಿಬಿಟ್ಟಳು. ಒಳ್ಳೆಯ ಮಾತಿನಲ್ಲೇ. ಮೊದಲು ಸರಿಯಾದ ಸ್ವರವನ್ನು ಇಡ್ವಾಲ್‌ಗೆ ಕೇಳಿಸಿ, ಅವನಿಂದ ಹೇಳಿಸಿದಳು. ಒಂಟಿಯಾಗಿ ಸರಿಯಾಗೇ ಹೇಳಿದ. ಹಾಡು ಶುರುವಾದರೆ ಮತ್ತೆ ಅದೇ ಜಾಗದಲ್ಲಿ ಜಾರಿದ. ನಾಲ್ಕು ಸಲ.

"ಇಡ್ವಾಲ್, ಆ ಒಂದು ಸ್ವರದ ಹತ್ರ ಮಾತ್ರ ಬಾಯಿ ಮುಚ್ಕೊಂಡುಬಿಡಿ. ಅದೊಂದೇ. ಮಿಕ್ಕಿದ್ದೆಲ್ಲ ನಿಮ್ದೇ."

"ಅಲ್ಲಿ ತಪ್ಪಿದೆ ಅಂತ ಯಾರು ಹೇಳಿದ್ದು, ಮಗಳೇ?"

"ಹಾಳೇಲಿ ಇದೆ."

"ಹಾಳೆ ಇಷ್ಟು ವರ್ಷದಿಂದ ಬಾಯ್ಬಿಟ್ಟಿರ್ಲಿಲ್ಲವಲ್ಲ." ಅವನು ನನ್ನ ಕಡೆ ತಿರುಗಲಿಲ್ಲ. ತಿರುಗುವ ಅಗತ್ಯವೂ ಇರಲಿಲ್ಲ. ಇಡೀ ಕೋಣೆಯಲ್ಲಿ ಹಾಳೆ ಹಿಡಿದಿದ್ದ ಗಂಡಸು ನಾನೊಬ್ಬನೇ. "ನಲವತ್ತು ವರ್ಷ ಇದೇ ಬಾಯಲ್ಲಿ ಹಾಡಿದೀನಿ. ಮುಚ್ಕೋ ಅಂದ್ರೆ ಆ ಒಂದು ಸ್ವರ ಮೂಗಲ್ಲಿ ಹಾಡ್ಲಾ?"

ಯಾರೋ ನಕ್ಕರು. ಅವನು ನಗಲಿಲ್ಲ. ಕೋಟು ತೆಗೆದುಕೊಂಡು ಹೊರಟ. ಬಾಗಿಲನ್ನು ಮೆಲ್ಲಗೆ ಮುಚ್ಚಿದ. ಬಡಿದಿದ್ದರೆ ಚೆನ್ನಾಗಿತ್ತು.

ಈಗ ನನ್ನ ಲೆಕ್ಕಾಚಾರ ಹೀಗಿದೆ. ಏಪ್ರಿಲ್ ಒಂದಕ್ಕೆ ಆ ಪ್ರಶ್ನೆ ಕೇಳುವುದು ಇಡ್ವಾಲ್‌ನನ್ನು. ಅವನು ಬರದಿದ್ದರೆ ಕೇಳಲು ಯಾರೂ ಇಲ್ಲ. ಬಂದರೆ ಏನು ಹೇಳುತ್ತಾನೆ ಎನ್ನುವುದು ಗೊತ್ತೇ ಇದೆ. ಎರಡು ದಾರಿಯಲ್ಲೂ ನಾನು ಸಾಲಿನಲ್ಲಿ ನಿಲ್ಲುವುದಿಲ್ಲ, ಮೆನ್ನಾ ಬರುವುದಿಲ್ಲ. ಸರಿಯಾದದ್ದನ್ನು ಸರಿ ಎಂದದ್ದಕ್ಕೆ.

ಫೆಬ್ರವರಿ ೨೫, ಮಂಗಳವಾರ

ಇಡ್ವಾಲ್ ಬರಲಿಲ್ಲ. ಕುರ್ಚಿ ಖಾಲಿ, ಕೆಳಗೆ ಡಬ್ಬಿ ಹಾಗೇ ಇದೆ. ಹೋದ ವಾರ ಮರೆತು ಹೋದದ್ದು.

ನನ್ನ ಜೊತೆ ಮಾತಾಡುವವರಿಲ್ಲ. ಚಹಾ ಬಸಿಯುವವನು ನನ್ನ ಲೋಟವನ್ನು ತುಂಬಿಸಿ ಮೇಜಿನ ಮೇಲಿಟ್ಟ, ಕೈಗೆ ಕೊಡಲಿಲ್ಲ. ಇದನ್ನು ಶಿಕ್ಷೆ ಎಂದು ಅವರು ತಿಳಿದಿದ್ದಾರೆ. ಮೂವತ್ತು ವರ್ಷ ಜನರ ಮನೆಗಳಲ್ಲಿ ಚಹಾ ಹೀಗೇ ಸಿಕ್ಕಿದೆ.

ಸಾಲು ಮಾತ್ರ ಕೆಟ್ಟಿದೆ. ಬಲಗಡೆಯವನು ಪ್ರತಿ ಪದಕ್ಕೂ ಅರ್ಧ ಮಾತ್ರೆ ತಡ. ನಾಲ್ಕು ಜನ ನಾಲ್ಕು ಕಡೆ. 'ಪಾಂತ್-ಅ-ಗೋವ್'ನ ಆ ಜಾಗ ಬಂದಾಗ ಎಲ್ಲರೂ ಸರಿಯಾದ ಸ್ವರದ ಮೇಲೇ ನಿಂತರು. ಹಾಳೆಯ ಪ್ರಕಾರ ಎಲ್ಲ ಸರಿ. ತಪಾಸಣೆಯಲ್ಲಿ ಪಾಸಾದ ಖಾಲಿ ಮನೆಯ ಹಾಗಿತ್ತು.

ಒಂದು ಪೆಪ್ಪರ್‌ಮಿಂಟ್ ತಿಂದೆ. ಬಹಳ ಖಾರ.

ಫೆಬ್ರವರಿ ೨೭, ಗುರುವಾರ

ಎಲ್ವೆಡ್ ಗೇಟಿನ ಹತ್ತಿರ ಸಿಕ್ಕಿದ. ಕಸದ ಡಬ್ಬಿ ಹೊರಗಿಡುವ ದಿನ. ಅವನೊಬ್ಬ ಇನ್ನೂ ಮಾತಾಡುತ್ತಾನೆ. ಮಾತಾಡದಿರುವುದು ಅವನ ಕೈಲಾಗುವುದಿಲ್ಲ.

"ನೀನು ಗೊರೊನ್ವಿನ ನೋಡಿರಲ್ಲ," ಅಂದ. "ಇಡ್ವಾಲ್ ಸೇರಿದಾಗ ಅವನ ಎಡಗಡೆ ನಿಲ್ತಿದ್ದೋನು. ಕಲ್ಲಿದ್ದಲು ಗಣೀಲಿ ಇದ್ದ. ಎದೆ ತುಂಬ ಧೂಳು. ಆ ಮೂರನೇ ಸಾಲು ಉದ್ದ ಅಲ್ವಾ, ಕೊನೆಗೆ ಬರೋ ಹೊತ್ತಿಗೆ ಅವನಿಗೆ ಉಸಿರು ಇರ್ತಾನೇ ಇರ್ಲಿಲ್ಲ. ಸ್ವರ ಜಾರೋದು. ಇಡ್ವಾಲ್‌ಗೆ ಓದೋಕೆ ಬರಲ್ಲ. ಪಕ್ಕದೋನಿಂದ ಕೇಳಿ ಕಲಿತ. ಪಕ್ಕದೋನು ಜಾರ್ದ, ಇವನೂ ಜಾರ್ದ. ಅಷ್ಟೇ ಕಥೆ."

"ಇದು ಇಡ್ವಾಲ್‌ಗೆ ಗೊತ್ತಾ?"

"ಕೇಳಿದ್ರೆ ಹೊಡೀತಾನೆ." ಡಬ್ಬಿಯ ಮುಚ್ಚಳ ಒತ್ತಿದ. "ಹಿಂದೆ ಹಾಡಿಸ್ತಿದ್ದೋರಿಗೆಲ್ಲ ಗೊತ್ತಿತ್ತು. ಯಾರೂ ಮುಟ್ಲಿಲ್ಲ. ಜನಕ್ಕೂ ಅಲ್ಲೊಂದು ಕುಣಿ ಇರೋದು ಅಭ್ಯಾಸ ಆಗ್ಬಿಟ್ಟಿದೆ. ನೀನು ಹೊಸಬ. ನಿನ್ ತಪ್ಪಲ್ಲ ಅಂತ ನಾನು ಎಲ್ರಿಗೂ ಹೇಳ್ತಾನೇ ಇದೀನಿ. ಯಾರೂ ಒಪ್ತಿಲ್ಲ."

ಒಬ್ಬ ಸತ್ತವನ ಶ್ವಾಸಕೋಶದ ದೋಷವನ್ನು ಒಂದು ಊರು ಸಂಪ್ರದಾಯ ಮಾಡಿಕೊಂಡಿದೆ. ಇದನ್ನು ಬರೆದು ಮೆನ್ನಾಗೆ ಕಳಿಸಬೇಕು, ನಗುತ್ತಾಳೆ. ಬರೆಯಲು ಕೂತೆ. ನಗುವಂತೆ ಬರೆಯಲು ಆಗಲಿಲ್ಲ. ದಣಿದಿದ್ದೇನೆ.

ಮಾರ್ಚ್ ೪, ಮಂಗಳವಾರ

ಇವತ್ತೂ ಇಲ್ಲ. ಮೆಲೆರಿ ಮಂದ್ರದ ಕಡೆ ನೋಡುವುದನ್ನೇ ಬಿಟ್ಟಿದ್ದಾಳೆ.

ಮಾರ್ಚ್ ೮, ಶನಿವಾರ

ಪೆಪ್ಪರ್‌ಮಿಂಟ್ ಡಬ್ಬಿ ಕೊಡುವ ನೆಪದಲ್ಲಿ ಇಡ್ವಾಲ್ ಮನೆಗೆ ಹೋದೆ. ನೆಪ ಅಲ್ಲ, ಡಬ್ಬಿ ಕೊಡಲೇಬೇಕಿತ್ತು.

ಅವನೇ ಬಾಗಿಲು ತೆರೆದ. ಒಳಗಿಂದ ಹೆಂಗಸಿನ ದನಿ: "ಯಾರ್ರೀ ಅದು?"

"ತಪಾಸಣೆಯವನು ಕಣೇ ಬೆಟಿ." ನನ್ನನ್ನು ಒಳಗೆ ಕರೆಯಲಿಲ್ಲ. ಡಬ್ಬಿ ತೆಗೆದುಕೊಂಡು ಮುಚ್ಚಳ ಬಿಚ್ಚಿ ಒಳಗೆ ನೋಡಿದ. "ತಿಂದಿದೀಯ."

"ಇಲ್ಲ."

"ತಿಂದಿದೀಯ."

"ಒಂದು."

ಮುಚ್ಚಳ ಹಾಕಿದ. "ನೀನೇ ತಾನೆ ಹೇಳಿದ್ದು ಅವಳಿಗೆ?"

"ಹೌದು."

"ನಂಗೆ ಹೇಳಬಹುದಿತ್ತು. ನಾಲ್ಕು ವಾರ ನನ್ನ ಹೆಗಲಿಗೆ ಅಂಟ್ಕೊಂಡು ನಿಂತಿದ್ದೆ. ಹೆಗಲಿಗೂ ಕಿವಿಗೂ ಎಷ್ಟು ದೂರ?"

ಇದಕ್ಕೆ ನನ್ನಲ್ಲಿ ಉತ್ತರ ಇತ್ತು. ದೋಷವನ್ನು ದೋಷದ ಮಾಲೀಕನಿಗೆ ಹೇಳುವುದಿಲ್ಲ, ಕೌನ್ಸಿಲ್ ಆಫೀಸಿಗೆ ಹೇಳುತ್ತೇವೆ, ಅದು ಕ್ರಮ. ಹೇಳಲು ಬಾಯಿ ತೆರೆದೆ. ಅವನ ಬಾಗಿಲ ಮೇಲಿನ ಕಲ್ಲಿನಲ್ಲಿ ಎಡದಿಂದ ಓರೆಯಾಗಿ ಒಂದು ಬಿರುಕು ಹೋಗಿತ್ತು. ಹೊಸದಲ್ಲ, ಆದರೆ ಒಳಗೆ ನೀರು ಇಳಿಯುತ್ತಿದೆ. ಅದನ್ನೂ ಹೇಳಲಿಲ್ಲ. ಯಾಕೆ ಹೇಳಲಿಲ್ಲವೋ. ಹೇಳಬೇಕಾದದ್ದೇ.

"ಸಾಲು ಕೆಟ್ಟಿದೆ," ಅಂದೆ. "ನಿಮ್ಮ ಬಲಗಡೆಯವನಿಗೆ ಎಲ್ಲಿ ಶುರು ಮಾಡ್ಬೇಕು ಅಂತಾನೇ ತಿಳೀತಿಲ್ಲ."

"ನಿಂಗೆ ತಿಳೀತಿದೆಯಾ?"

"ನಂಗೆ ಹಾಳೆ ಓದೋಕೆ ಬರತ್ತೆ."

"ನಾನು ಕೇಳಿದ್ದು ಅದಲ್ಲ."

ಒಳಗಿಂದ ಬೆಟಿ: "ಬಾಗಿಲು ಹಾಕ್ರೀ, ಶಾಖ ಎಲ್ಲಾ ಬೀದಿಗೆ ಹೋಗ್ತಿದೆ."

ಹಾಕಿದ.

ಮಾರ್ಚ್ ೧೧, ಮಂಗಳವಾರ

ಇಡ್ವಾಲ್ ಬಂದ. ಯಾರ ಮುಖವನ್ನೂ ನೋಡದೆ ಬಂದು ಕೂತು ಡಬ್ಬಿಯನ್ನು ಕುರ್ಚಿಯ ಕೆಳಗಿಟ್ಟ, ನನ್ನಿಂದ ದೂರದ ಬದಿಗೆ. ಮೆಲೆರಿ ಏನೋ ಹೇಳಲು ಬಂದಳು. ಇವನು ಕೈ ಎತ್ತಿದ: "ಮುಚ್ಕೋತೀನಿ, ಮಗಳೇ. ನೀನು ಶುರು ಮಾಡು."

ಮುಚ್ಚಿಕೊಂಡ. ಆ ಸ್ವರ ಬಂದಾಗ ಅವನ ತುಟಿಗಳು ಕೂಡಿಕೊಳ್ಳುವ ಸದ್ದು ನನಗೆ ಕೇಳಿಸುತ್ತದೆ, ಡಬ್ಬಿಯ ಮುಚ್ಚಳ ಹಾಕಿದ ಹಾಗೆ. ಉಳಿದಂತೆ ಪಕ್ಕೆಯಿಂದ ಪಕ್ಕೆಗೆ ಮತ್ತೆ ರೈಲು. ಬಲಗಡೆಯವನು ಸರಿಯಾದ.

ನನ್ನ ಜೊತೆ ಮಾತಿಲ್ಲ. ಮೊಣಕೈಯೂ ಇಲ್ಲ. ಹಾಗಾಗಿ ಜೋರಾಯಿತೋ ಮೆತ್ತಗಾಯಿತೋ ನಾನೇ ಊಹಿಸಬೇಕು.

ಮಾರ್ಚ್ ೨೩, ಭಾನುವಾರ

ಮೆನ್ನಾಗೆ ಫೋನ್. ಅವಳು ಮೊದಲು ಕೇಳಿದ್ದು ಬಾಯ್ಲರ್ ಬಗ್ಗೆ ಅಲ್ಲ.

"ಇನ್ನೂ ಹೋಗ್ತಿದೀಯಾ?"

"ಬರೋ ಮಂಗಳವಾರ ಅಲ್ಲ, ಅದರ ಮುಂದಿನದು. ಅವತ್ತು ತೀರ್ಮಾನ."

"ಯಾರ ಕೈಲಿದೆ?"

"ಒಬ್ಬ ಕಟುಕನ ಕೈಲಿ. ನಾನು ಅವನನ್ನ ಅವಮಾನ ಮಾಡಿದೀನಿ."

"ಬೇಕಂತಲಾ?"

"ಸರಿಯಾಗೇ ಹೇಳಿದ್ದೆ."

ಅವಳು ಉಸಿರು ಬಿಟ್ಟದ್ದು ಕೇಳಿಸಿತು. "ಅದು ನಂಗೊತ್ತು, ಇಥೆಲ್. ನೀನು ಯಾವಾಗ್ಲೂ ಸರಿಯಾಗೇ ಹೇಳ್ತೀಯ."

ಆಮೇಲೆ ಗೊರೊನ್ವಿಯ ವಿಷಯ ಹೇಳಿದೆ. ನಗಿಸಲು ಹೇಳಿದ್ದು. ಅವಳು ನಗಲಿಲ್ಲ. "ಆ ಹಾಡು ನಂಗೆ ಚೆನ್ನಾಗಿ ಗೊತ್ತು," ಅಂದಳು. "ಚಿಕ್ಕವಳಿದ್ದಾಗ ಅಪ್ಪ ಪ್ರತಿ ವರ್ಷ ಕರ್ಕೊಂಡು ಹೋಗ್ತಿದ್ರು. ಆ ಜಾಗದಲ್ಲಿ ಹೊಟ್ಟೇಲಿ ಏನೋ ಇಳಿದ ಹಾಗಾಗೋದು. ಅದು ಹಾಡಲ್ಲೇ ಇದೆ ಅಂದ್ಕೊಂಡಿದ್ದೆ."

"ಹಾಡಲ್ಲಿ ಇಲ್ಲ."

"ಈಗ ತೆಗೆಸಿಬಿಟ್ಟೆ ಅನ್ನು."

ಅವಳ ಅಕ್ಕ ಊಟಕ್ಕೆ ಕರೆದಳು.

ಏಪ್ರಿಲ್ ೧, ಮಂಗಳವಾರ

ಮೂರ್ಖರ ದಿನ ಎಂದು ಎಲ್ವೆಡ್ ನಾಲ್ಕು ಸಲ ನೆನಪಿಸಿದ.

ತಾಲೀಮಿನ ಕೊನೆಗೆ ಎಲ್ಲರನ್ನೂ ಕೂರಿಸಿ ನನ್ನನ್ನೂ ಇಡ್ವಾಲ್‌ನನ್ನೂ ನಿಲ್ಲಿಸಿದರು. ಇದರಲ್ಲಿ ಗಾಂಭೀರ್ಯ ತರಲು ಮಾಡುವ ಪ್ರಯತ್ನ ನೋಡಬೇಕು: ಕೆಟಲ್ ಆರಿಸಿದರು. ಎಲ್ವೆಡ್ ಟೈ ಸರಿಮಾಡಿಕೊಂಡು ಕೇಳಿದ, "ಇಡ್ವಾಲ್, ನಿನ್ನ ಪಕ್ಕದವನು ಕೇಳಿಸ್ತಾನಾ?"

ಇಡ್ವಾಲ್ ಬಾಯಿಯ ಪೆಪ್ಪರ್‌ಮಿಂಟನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ದಾಟಿಸಿದ. ಕರಗಲಿ ಎಂದು ಕಾದನೋ ಏನೋ. ನಾನು ಎದುರಿನ ಗೋಡೆಯಲ್ಲಿ ತೇವದ ಕಲೆ ಹುಡುಕಿದೆ. ಯಾವಾಗಲೂ ಇರುತ್ತದೆ, ಈಗ ಕಾಣಲಿಲ್ಲ. ಸಮುದ್ರದ ದಂಡೆಯಿಂದ ಇಲ್ಲಿಗೆ ಎರಡು ಬಸ್ಸು ಬದಲಾಯಿಸಬೇಕು ಎನ್ನುವುದು ಯಾಕೋ ನೆನಪಾಯಿತು.

"ಮಾತಾಡುವಾಗ ಕೇಳಿಸ್ತಾನೆ," ಅಂದ ಇಡ್ವಾಲ್. "ಎರಡು ಬೀದಿ ಆಚೆಗೂ ಕೇಳಿಸ್ತಾನೆ." ನಗು. ಅದು ಅಡಗುವವರೆಗೆ ಕಾದ. "ಹಾಡುವಾಗ ಇಲ್ಲ."

ಅಷ್ಟೇ. ಕೆಟಲ್ ಮತ್ತೆ ಹಚ್ಚಿದರು. ಚಹಾ ಬಸಿಯುವವನು ಲೋಟವನ್ನು ನನ್ನ ಕೈಗೆ ಕೊಟ್ಟ. ಬಹಳ ಬಿಸಿ ಇತ್ತು, ಮೇಜಿನ ಮೇಲಿಟ್ಟಿದ್ದರೆ ವಾಸಿಯಿತ್ತು.

ಇಡ್ವಾಲ್‌ಗೆ ಥ್ಯಾಂಕ್ಸ್ ಹೇಳಲು ಹೋದೆ. "ಯಾಕೆ?" ಅಂದ. "ನಾನೂ ಸರಿಯಾಗಿರೋದನ್ನೇ ಹೇಳಿದ್ದು."

ಏಪ್ರಿಲ್ ೮, ಮಂಗಳವಾರ

ಬ್ಲೇಜರ್ ಕೊಟ್ಟರು. ಹೊಸದಲ್ಲ. ಸತ್ತವರ ಮನೆಯವರು ಹಿಂದಿರುಗಿಸಿದ ಬ್ಲೇಜರುಗಳನ್ನು ಎಲ್ವೆಡ್ ತನ್ನ ಮನೆಯ ಬೀರುವಿನಲ್ಲಿಟ್ಟು ಹೊಸಬರಿಗೆ ಹಂಚುತ್ತಾನೆ. ನನ್ನದು ಒಬ್ಬ ಅಂಚೆಯವನದಂತೆ. ಅವನ ಹೆಗಲು ನನ್ನದಕ್ಕಿಂತ ಅಗಲ. ಒಳಜೇಬಿನಲ್ಲಿ ಒಂದು ಬಾಚಣಿಗೆ ಇದೆ, ತೆಗೆಯಲಿಲ್ಲ.

ಕನ್ನಡಿಯಲ್ಲಿ ನೋಡಿಕೊಂಡೆ. ಹಡಗು ಕಂಪನಿಯಿಂದ ಕೆಲಸ ಬಿಡಿಸಿದವನ ಹಾಗೆ ಕಾಣುತ್ತೇನೆ. ಪ್ಯಾಂಟಿಗೆ ಇಸ್ತ್ರಿ ಹಾಕಿಟ್ಟಿದ್ದೇನೆ.

ನಮ್ಮ ಸಾಲಿಗೆ ಮೆಲೆರಿ ಹೇಳಿದ ಕೊನೆಯ ಮಾತು: "ಮೂರನೇ ಸಾಲಿನ ಕೊನೆ. ಅಲುಗಬಾರದು. ಇಡ್ವಾಲ್, ನಿಮಗೆ ಗೊತ್ತಲ್ಲ." ಇಡ್ವಾಲ್ ತಲೆಯಾಡಿಸಿದ. ಅವಳು ನನ್ನ ಕಡೆ ನೋಡಿ ಸಣ್ಣದಾಗಿ ನಕ್ಕಳು, ನಾವಿಬ್ಬರು ಒಂದು ಕಡೆಯವರು ಎನ್ನುವಂತೆ. ಬೂಟಿನ ಲಾಡಿ ಬಿಚ್ಚಿತ್ತು, ಬಗ್ಗಿದೆ.

ಏಪ್ರಿಲ್ ೧೨, ಶನಿವಾರ

ಮಧ್ಯಾಹ್ನ ಮೂರಕ್ಕೆ ಕಛೇರಿ. ಚಾಪೆಲ್ ತುಂಬಿತ್ತು. ಊರಿನಲ್ಲಿ ಬೇರೆ ಏನೂ ನಡೆಯುವುದಿಲ್ಲ, ತುಂಬದೆ ಏನು. ಗ್ಯಾಲರಿಯ ಕೆಳಗಿನ ಹಿಂದಿನ ಬೆಂಚುಗಳಿಗೆ ಬೆಳಕು ಹೋಗುವುದಿಲ್ಲ, ಕಂಬ ಬೇರೆ ಅಡ್ಡ. ಹುಡುಕಬೇಡ ಅಂದಿದ್ದಳು. ಹುಡುಕಲಿಲ್ಲ. ಒಂದು ಸಲ ನೋಡಿದೆ. ಕಾಣಲಿಲ್ಲ.

ಮೊದಲರ್ಧ ಹೋದದ್ದೇ ತಿಳಿಯಲಿಲ್ಲ. ಮೇಲುದನಿಯವರು ಎರಡು ಜಾಗದಲ್ಲಿ ತಾಳ ಬಿಟ್ಟು ಓಡಿದರು. ಅವರು ಓಡದಿದ್ದದ್ದು ಯಾವಾಗ? ನಾವು ಹಿಡಿದು ನಿಲ್ಲಿಸಿದೆವು.

ಕೊನೆಗೆ 'ಪಾಂತ್-ಅ-ಗೋವ್'. ಜನ ಕೇಳದೆಯೇ ಎದ್ದು ನಿಂತರು. ಇಲ್ಲಿ ಆ ಹಾಡಿಗೆ ಏಳುತ್ತಾರೆ. ಮೊದಲ ಸಾಲು, ಎರಡನೆಯದು. ಇಡ್ವಾಲ್‌ನ ದನಿ ನನ್ನ ಪಕ್ಕೆಯಲ್ಲಿ. ಮೂರನೆಯ ಸಾಲಿನ ಉದ್ದಕ್ಕೂ ಅವನ ಉಸಿರು ನನಗೆ ಗೊತ್ತಾಗುತ್ತಿತ್ತು. ಆ ಜಾಗಕ್ಕೆ ಬಂದೆವು. ಅವನ ತುಟಿ ಮುಚ್ಚಿಕೊಂಡಿತು. ರೈಲು ನಿಂತಿತು.

ನಾನು ಇಳಿದೆ.

ಅಭ್ಯಾಸಬಲ. ಮೂರು ತಿಂಗಳು ಆ ಮನುಷ್ಯನ ಪಕ್ಕದಲ್ಲಿ ನಿಂತರೆ ಯಾರಿಗಾದರೂ ಹಾಗಾಗುತ್ತದೆ. ಹಾಳೆ ಕಣ್ಣ ಮುಂದೆ ಇದ್ದಿದ್ದರೆ ಆಗುತ್ತಿರಲಿಲ್ಲ. ಕಛೇರಿಯಲ್ಲಿ ಹಾಳೆ ಹಿಡಿಯುವಂತಿಲ್ಲ. ಒಂದು ಮೆಟ್ಟಿಲು, ಕೆಳಗೆ. ಸ್ಪಷ್ಟವಾಗಿ, ತಪ್ಪಾಗಿ. ಅರೆ ಕ್ಷಣ ಒಬ್ಬನೇ ಇದ್ದೆ. ಆಮೇಲೆ ಬಲಗಡೆಯವನು ಬಂದ. ಅವನ ಹಿಂದೆ ನಮ್ಮ ಸಾಲೆಲ್ಲ ಇಳಿಯಿತು. ತಾಲೀಮಿನಲ್ಲಿ ಇಷ್ಟು ದಿನ ಅಲುಗದೆ ನಿಂತವರೆಲ್ಲ ಯಾರೋ ಮೊದಲು ಹೆಜ್ಜೆ ಇಡಲಿ ಎಂದು ಕಾದಿದ್ದವರಂತೆ. ಮೆಲೆರಿಯ ಎಡಗೈ ಗಾಳಿಯಲ್ಲಿ ಹಾಗೇ ನಿಂತಿತು. ನಂತರ ಅದೂ ಮೆಲ್ಲಗೆ ಕೆಳಗೆ ಬಂತು, ನಮ್ಮನ್ನು ಇಳಿಸಿದ್ದು ತಾನೇ ಎನ್ನುವ ಹಾಗೆ. ಜನರ ನಡುವೆ ಏನೋ ಸಣ್ಣ ಸದ್ದು, ಬಹಳ ಹೊತ್ತಿನಿಂದ ನಿಂತಿದ್ದವರು ಕೂತಾಗ ಬರುವಂಥದು. ಯಾರೂ ಕೂತಿರಲಿಲ್ಲ.

ಚಹಾದ ಮೇಜಿನ ಹತ್ತಿರ ಮೆಲೆರಿ ನನ್ನನ್ನು ಹಿಡಿದಳು. "ಇಥೆಲ್. ಹಾಳೇಲಿ ಹಾಗಿಲ್ಲ."

"ಗೊತ್ತು."

"ನೀವೇ ತೋರಿಸಿದ್ದು."

"ಗೊತ್ತು."

ಅವಳು ನನ್ನ ಮುಖವನ್ನೇ ನೋಡಿ, ತಟ್ಟೆಯಿಂದ ಒಂದು ಕೇಕ್ ತೆಗೆದುಕೊಂಡು ಹೋದಳು. ಬೈಯಬೇಕಿತ್ತು. ನಾನಾಗಿದ್ದರೆ ಬೈಯುತ್ತಿದ್ದೆ.

ಇಡ್ವಾಲ್ ಗೋಡೆಗೊರಗಿ ನಿಂತಿದ್ದ. ಕಣ್ಣು ಕೆಂಪಗಿತ್ತು; ಅವನಿಗೆ ಶೀತವಿದೆ ಎಂದು ಬೆಟಿ ಎಲ್ಲರಿಗೂ ಹೇಳುತ್ತಿದ್ದಳು. ಡಬ್ಬಿಯ ಮುಚ್ಚಳ ಬಿಚ್ಚಿ ನನ್ನ ಮುಂದೆ ಹಿಡಿದ.

"ತಗೋ. ಈ ಸಲ ಕೊಟ್ಟಮೇಲೆ ತಗೋ."

ತೆಗೆದುಕೊಂಡೆ.

"ಇವತ್ತು ಕೇಳಿಸ್ದೆ, ಹುಡುಗಾ," ಅಂದ. ಇಲ್ಲಿ ಅದು ದೂರು. ಅವನು ಹೇಳಿದ ರೀತಿ ದೂರಿನ ಹಾಗಿರಲಿಲ್ಲ. ಶೀತವಿದ್ದಾಗ ಎಲ್ಲರ ದನಿಯೂ ಹಾಗೇ ಇರುತ್ತದೆ. ಅವನ ಬಾಗಿಲ ಮೇಲಿನ ಬಿರುಕಿನ ವಿಷಯ ಹೇಳಿದೆ, ಈ ಸಲ ಅವನ ಕಿವಿಗೇ. ಸೋಮವಾರ ಏಣಿ ತಂದು ನೋಡುತ್ತೇನೆ ಅಂದೆ. "ಬಾ. ಆದ್ರೆ ಬೆಟಿಗೆ ಹೇಳಬೇಡ, ಮನೆ ಬೀಳತ್ತೆ ಅಂತ ಅಕ್ಕನ ಮನೆಗೆ ಹೊರಟುಬಿಡ್ತಾಳೆ," ಅಂದ. ಅಂದಮೇಲೆ ನನ್ನ ವಿಷಯ ನೆನಪಾಗಿರಬೇಕು, ಡಬ್ಬಿಯನ್ನು ಇನ್ನೊಂದು ಸಲ ಚಾಚಿದ.

ಎಲ್ವೆಡ್ ಕುರ್ಚಿ ಮಡಿಸುತ್ತಾ ಹೇಳಿದ, ಕಂಬದ ಹಿಂದಿನ ಬೆಂಚಿನಲ್ಲಿ ಒಬ್ಬ ಹೆಂಗಸು ಕೂತಿದ್ದಳಂತೆ, ಕೊನೆಯ ಹಾಡು ಮುಗಿದ ಕೂಡಲೇ ಹೊರಟುಹೋದಳಂತೆ. ಯಾವ ಬಣ್ಣದ ಕೋಟು ಎಂದು ಕೇಳಿದೆ. ಬೆಳಕಿರಲಿಲ್ಲ, ಮುಖವೂ ಕಾಣಲಿಲ್ಲ, ಗಮನಿಸಲಿಲ್ಲ ಅಂದ. ಈ ಜನ ಯಾವುದನ್ನೂ ಸರಿಯಾಗಿ ಗಮನಿಸುವುದಿಲ್ಲ.

ಬ್ಲೇಜರ್ ಇನ್ನೂ ತೆಗೆದಿಲ್ಲ. ಇದನ್ನು ಹಿಂದಿರುಗಿಸಬೇಕು ಎಂದುಕೊಂಡಿದ್ದೆ. ಮಂಗಳವಾರ ಹೋದಾಗ ನೋಡಿದರಾಯಿತು. ಹೊರಗೆ ಇನ್ನೂ ಬೆಳಕಿದೆ. ಎರಡು ಬಸ್ಸು ಬದಲಾಯಿಸಿ ಸಮುದ್ರದ ದಂಡೆಗೆ ತಲುಪುವಷ್ಟು ಹೊತ್ತು ಇನ್ನೂ ಆಗಿಲ್ಲ. ಹೊರಟುಹೋದವಳು ಬಸ್‌ಸ್ಟಾಪಿಗೇ ಹೋಗಿರಬೇಕೆಂದೇನೂ ಇಲ್ಲ. ಗೇಟಿನ ಚಿಲಕದ ಸದ್ದಾದರೆ ಈ ಕೋಣೆಗೆ ಕೇಳಿಸುತ್ತದೆ, ಅದಕ್ಕೇ ಕಿಟಕಿ ತೆರೆದಿಟ್ಟಿದ್ದೇನೆ. ಸೆಕೆಗೂ ಆಯಿತು.

ಬಾಯಲ್ಲಿ ಇನ್ನೂ ಆ ಪೆಪ್ಪರ್‌ಮಿಂಟಿನ ಖಾರ. ಆ ಕಡೆ 'ಸೇರಲು ಬರುವುದಿಲ್ಲ', ಈ ಕಡೆ 'ಸೇರಲು ಮನಸ್ಸಿಲ್ಲ'. ನೀನು ಅಂದದ್ದು ಯಾವುದು ಎಂದು ಇನ್ನು ಕೇಳುವುದಿಲ್ಲ. ಇಷ್ಟನ್ನು ಮಾತ್ರ ಹೇಳು, ಮೆನ್ನಾ: ಕಂಬದ ಹಿಂದೆ ಕೂತಿದ್ದದ್ದು ನೀನೇ ಆಗಿದ್ದರೆ, ಆ ಮೂರನೆಯ ಸಾಲಿನ ಕೊನೆಯಲ್ಲಿ, ನಾನು ಕೇಳಿಸಿದೆನಾ?